ಶಂಖದಿಂದ ವಿಷ ಕರೆದ ದಿನಗಳು

ಬ್ರಿಸ್ಬೇನ್‌ನ ಒಂದು ಲ್ಯಾಬ್‌ನಲ್ಲಿ ಎರಡು ವರ್ಷ ನಾನು ಕೋನ್ ಶಂಖಗಳ, ಅಂದರೆ ವಿಷವಿರುವ ಸಮುದ್ರದ ಬಸವನಹುಳುಗಳ, ವಿಷ ಕರೆದಿದ್ದೇನೆ. ಹಸುವಿನ ಹಾಲು ಕರೆಯುತ್ತೇವಲ್ವಾ, ಇದಕ್ಕೂ ಅದೇ ಮಾತು. ನಮ್ಮಲ್ಲಿದ್ದದ್ದು ಕೋನಸ್ ಸ್ಟ್ರೈಯೇಟಸ್. ಹಗಲೆಲ್ಲ ಮರಳಲ್ಲಿ ಹೂತಿದ್ದು, ರಾತ್ರಿ ಮೀನು ಬೇಟೆಯಾಡುವ ಜಾತಿ.

ಸಾಮಾನು ಜಾಸ್ತಿ ಏನಿಲ್ಲ. ಸಣ್ಣ ಪ್ಲಾಸ್ಟಿಕ್ ಟ್ಯೂಬಿನ ಬಾಯಿಗೆ ತೆಳು ರಬ್ಬರ್ ಬಿಗಿದು, ಅದರ ಮೇಲೆ ಮೀನಿನ ಬಾಲದ ಚೂರು ಇಡುತ್ತಿದ್ದೆ. ಟ್ಯೂಬನ್ನು ಉದ್ದ ಇಕ್ಕಳದಲ್ಲಿ ಹಿಡಿದು ಶಂಖದ ಮುಂದೆ ಒಡ್ಡಬೇಕು. ಅಷ್ಟೇ.

ಆದರೂ ಮೂರು ವಾರ ನನಗೆ ಒಂದು ಹನಿಯೂ ಸಿಗಲಿಲ್ಲ. ಶಂಖದಿಂದ ಕೊಳವೆ ಹೊರಬಂದದ್ದು ಕಂಡ ಕೂಡಲೇ ಟ್ಯೂಬು ಒಡ್ಡುತ್ತಿದ್ದೆ, ಅದು ಮುದುರಿಕೊಳ್ಳುತ್ತಿತ್ತು. ಅದು ವಾಸನೆ ಹಿಡಿಯುವ ಕೊಳವೆ. ಚುಚ್ಚುವ ಸೊಂಡಿಲು ಬೇರೆ. ಅದು ಕೆಳಗಿನಿಂದ, ಎರೆಹುಳದ ಹಾಗೆ ತೆಳ್ಳಗೆ, ನಿಧಾನಕ್ಕೆ ಚಾಚಿಕೊಳ್ಳುತ್ತದೆ. ಅಲ್ಲಿವರೆಗೆ ಉಸಿರು ಬಿಗಿಹಿಡಿದು ಕಾಯಬೇಕು. ಹೊಟ್ಟೆ ತುಂಬಿದ ಶಂಖವಾದರೆ ಎಷ್ಟು ಕಾದರೂ ಬರುವುದಿಲ್ಲ.

ಸೊಂಡಿಲು ಬಾಲದ ಚೂರನ್ನು ಮುಟ್ಟಿದ್ದೇ ತಡ, ಟಪ್ ಅಂತ ಹೊಡೆಯುತ್ತದೆ. ತುದಿಯಲ್ಲಿರುವುದು ಟೊಳ್ಳಾದ ಹಲ್ಲು, ಮುಳ್ಳಿರುವ ಈಟಿಯಂಥದ್ದು. ಒಂದು ಹೊಡೆತಕ್ಕೆ ಒಂದು ಹಲ್ಲು. ಉಳಿದವು ಒಳಗಿನ ಚೀಲದಲ್ಲಿ ತಯಾರಾಗಿರುತ್ತವೆ. ಟ್ಯೂಬಿಗೆ ಬೀಳುವ ವಿಷ ಕೆಲವೇ ಮೈಕ್ರೋಲೀಟರ್. ಟ್ಯೂಬನ್ನು ಯಂತ್ರದಲ್ಲಿ ಗಿರ್ರನೆ ತಿರುಗಿಸಿ ವಿಷವನ್ನು ತಳಕ್ಕಿಳಿಸಿ, ತಕ್ಷಣ ಮೈನಸ್ 80 ಡಿಗ್ರಿ ಫ್ರೀಜರ್‌ಗೆ.

ಕೈಯಲ್ಲಿ ಮಾತ್ರ ಒಮ್ಮೆಯೂ ಎತ್ತಲಿಲ್ಲ. ಸೊಂಡಿಲು ಚಿಪ್ಪಿನ ಯಾವ ಕಡೆಗೂ ಬಾಗಬಲ್ಲದು. ಇದರ ಬಂಧು ಕೋನಸ್ ಜಿಯಾಗ್ರಫಸ್ ಚುಚ್ಚಿ ಜನ ಸತ್ತಿದ್ದಾರೆ. ಈ ವಿಷಕ್ಕೆ ಪ್ರತಿವಿಷ ಇಲ್ಲ. ಉಸಿರಾಟಕ್ಕೆ ಆಸರೆ ಕೊಟ್ಟು ಕಾಯುವುದೇ ಚಿಕಿತ್ಸೆ. ಸಮುದ್ರದ ದಂಡೆಯಲ್ಲಿ ಚೆಂದದ ಕೋನ್ ಚಿಪ್ಪು ಕಂಡರೆ, ದಯವಿಟ್ಟು ಜೇಬಿಗೆ ಹಾಕಬೇಡಿ. ಒಳಗೆ ಜೀವ ಇರಬಹುದು.

ಇಷ್ಟೆಲ್ಲ ಯಾಕೆ ಅಂತ ಅಮ್ಮ ಫೋನಿನಲ್ಲಿ ಕೇಳುತ್ತಿದ್ದರು. ಕೋನಸ್ ಮೇಗಸ್ ಅನ್ನುವ ಇನ್ನೊಂದು ಜಾತಿಯ ವಿಷದಿಂದಲೇ ಜಿಕೊನೊಟೈಡ್ ಔಷಧಿ ಹುಟ್ಟಿದ್ದು. ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ಸಿಕ್ಕಿತು. ಬೇರೆ ಮದ್ದಿಗೆ ಬಗ್ಗದ ತೀವ್ರ ನೋವಿಗೆ ಅದನ್ನು ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಡುತ್ತಾರೆ. ಇದನ್ನು ಹೇಳಿದ ಮೇಲೆ ಅಮ್ಮ ಪ್ರತಿ ಸಲವೂ, "ಇವತ್ತು ಎಷ್ಟು ಕರೆದೆ?" ಅಂತಲೇ ಮಾತು ಶುರು ಮಾಡುತ್ತಿದ್ದರು.

ಕರೆದಾದ ಮೇಲೆ ಶಂಖಕ್ಕೆ ಒಂದು ಮೀನು ಕೊಡುವುದು ತಪ್ಪಿಸುತ್ತಿರಲಿಲ್ಲ. ಸುಮ್ನೆ ಮೋಸ ಮಾಡಿದರೆ ಮುಂದಿನ ಸಲ ಸೊಂಡಿಲು ಚಾಚಲು ಹಿಂದೇಟು ಹಾಕುತ್ತಿತ್ತು. ಚೀಲದ ಹಾಗೆ ಬಾಯಿ ಹಿಗ್ಗಿಸಿ ಇಡೀ ಮೀನನ್ನು ಒಳಗೆಳೆದುಕೊಳ್ಳುತ್ತಿತ್ತು. ಬೆಳಿಗ್ಗೆ ಮರಳ ಮೇಲೆ ಅದು ಉಗುಳಿದ ಮೂಳೆ, ಹುರುಪೆ ಸಿಗುತ್ತಿದ್ದವು. ಅವುಗಳ ನಡುವೆ ಆ ಗಾಜಿನಂಥ ಹಲ್ಲು ಸಿಕ್ಕರೆ, ಇಕ್ಕಳದಲ್ಲಿ ಎತ್ತಿ ಸೀಸೆಯಲ್ಲಿಡುತ್ತಿದ್ದೆ.