ಬಣ್ಣ ಮಾಸಿದರೂ ಅಸಲಿ ತಂತಿ ಸಿಗುತ್ತದೆ: 1960ರ ಅಂಬಾಸಿಡರ್ ಜೊತೆ ನನ್ನ ಅನುಭವ

ಬಣ್ಣ ಮಾಸಿದ ತಂತಿಯನ್ನು ನೋಡಿ ಇದು ಕಾರ್ಖಾನೆಯಿಂದ ಬಂದದ್ದು, ಇದು ನಡುವೆ ಯಾರೋ ಸೇರಿಸಿದ್ದು ಎಂದು ಹೇಳಲು ಬರುವುದಿಲ್ಲ ಎಂಬುದು ಬೆಳಗಾವಿಯಲ್ಲಿ ಹಳೆಯ ಕಾರುಗಳನ್ನು ಮೊದಲಿನ ಸ್ಥಿತಿಗೆ ತರುವ ಕೆಲಸ ಮಾಡುವ ನಮ್ಮವರೆಲ್ಲರ ವಾದವಾಗಿತ್ತು. ಪುಣೆಯಿಂದ ಬಂದಿದ್ದ ಹಿರಿಯರೊಬ್ಬರು ನನ್ನ ಕಾರಿನ ಬಾನೆಟ್ ಎತ್ತಿ ನೋಡಿ, ‘ಎಲ್ಲವನ್ನೂ ಕಿತ್ತು ಹಾಕಿ, ಹೊಸ ಲೂಮ್ ತರಿಸಿ’ ಎಂದು ನಿಂತಲ್ಲೇ ತೀರ್ಪು ಕೊಟ್ಟರು. ಹೊಸ ಲೂಮ್‌ಗೆ, ಅಂದರೆ ಕಾರಿನ ತಂತಿಗಳ ಇಡೀ ಕಟ್ಟಿಗೆ, ಆಗ ಕೇಳಿದ ಬೆಲೆ ಮೂವತ್ತು ಸಾವಿರದ ಆಸುಪಾಸು. ನನ್ನ ಕೈಯಿಂದ ಕೊನೆಗೆ ಹೋದದ್ದು ಹನ್ನೊಂದು ಸಾವಿರದಷ್ಟು. ಕಾರಿನ ಮುಕ್ಕಾಲು ಪಾಲು ತಂತಿ ಈಗಲೂ ಹುಟ್ಟಿದಾಗಿನದೇ. ಹೇಗೆ ಮಾಡಿದಿರಿ ಎಂದು ಕೇಳುವವರು ಈಚೆಗೆ ಹೆಚ್ಚಾಗಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಕಾರು ಮೊದಲ ಮಾದರಿಯ ಅಂಬಾಸಿಡರ್, 1489 ಸಿಸಿ ಓವರ್‌ಹೆಡ್ ವಾಲ್ವ್ ಎಂಜಿನ್ನಿನದು. ಮುಧೋಳದ ಕಡೆಯ ಕಬ್ಬು ಬೆಳೆಗಾರರೊಬ್ಬರ ಶೆಡ್ಡಿನಿಂದ ಎಂಬತ್ತೈದೋ ತೊಂಬತ್ತೋ ಸಾವಿರ ಕೊಟ್ಟು ತಂದೆ. ‘ಒಂದು ನಟ್ಟು ಸಹ ಬದಲಾಗಿಲ್ಲ’ ಎಂದರು. ಮಾರುವವರು ಬೇರೆ ಏನು ಹೇಳುತ್ತಾರೆ? ಅರ್ಧ ಇಂಚಿನ ರಿಂಗ್ ಪಾನಾ ಹಿಡಿದು ಎಂಜಿನ್ ಸುತ್ತ ಒಂದು ಸುತ್ತು ಹಾಕಿದೆ. ಅರ್ಧ ಇಂಚು ಎಂದರೆ 12.7 ಮಿ.ಮೀ.; ಈ ಕಾರಿನ ಅಸಲಿ ಬೋಲ್ಟುಗಳು ಇಂಚಿನ ಅಳತೆಯವು, ಆಮೇಲೆ ಹಾಕಿದ 13 ಮಿ.ಮೀ. ಬೋಲ್ಟಿನ ತಲೆಯ ಮೇಲೆ ಈ ಪಾನಾ ಕೂರುವುದೇ ಇಲ್ಲ. ಪಾನಾ ಕೂರದ ಕಡೆಯೆಲ್ಲ ಸುಣ್ಣದ ಗುರುತು ಹಾಕುತ್ತ ಹೋದೆ. ತಲೆಯ ಮೇಲೆ 8.8 ಎಂದು ಬರೆದಿದ್ದರೆ ಪಾನಾದ ಸಾಕ್ಷಿಯೂ ಬೇಕಿಲ್ಲ, ಅದು ಮೆಟ್ರಿಕ್ ಬೋಲ್ಟ್. ವಾಟರ್ ಪಂಪ್, ಡೈನಮೋ ಬ್ರಾಕೆಟ್, ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಎರಕದ ಕೊಳವೆ) ಈ ಮೂರರ ಸುತ್ತಲೂ ಸುಣ್ಣವೇ ಸುಣ್ಣ. ಬೋಲ್ಟ್ ಬದಲಾದ ಕಡೆ ಭಾಗವೂ ಬದಲಾಗಿರಬಹುದು ಎಂದು ಹಿಡಿದುಕೊಂಡೇ ಮುಂದೆ ಹೋಗಬೇಕು.

ಇಲ್ಲಿ ಬೆಳಗಾವಿಯಲ್ಲಿ ಇರುವುದರ ಲಾಭ ಸಿಕ್ಕಿತು. ಉದ್ಯಮಬಾಗದಲ್ಲಿ ಮೂರು ತಲೆಮಾರಿನಿಂದ ಎರಕದ ಕೆಲಸ ಮಾಡುವವರಿದ್ದಾರೆ. ಪ್ಯಾಟರ್ನ್, ಅಂದರೆ ಎರಕಕ್ಕೆ ಉಸುಕಿನಲ್ಲಿ ಒತ್ತುವ ಮಾದರಿ, ಮಾಡುವ ಮಿಸ್ತ್ರಿಯೊಬ್ಬರಿದ್ದಾರೆ, ನಾನು ಕಾಕಾ ಎನ್ನುತ್ತೇನೆ; ಅವರ ಮುಂದೆ ಮ್ಯಾನಿಫೋಲ್ಡ್ ಇಟ್ಟೆ. ಅವರು ಅದರ ಮೇಲೆ ಎರಕದಲ್ಲೇ ಮೂಡಿದ ಅಕ್ಷರಗಳ ಮೇಲೆ ಹೆಬ್ಬೆರಳು ಸವರಿ, ‘ಇದು ಮಗಳಲ್ಲ, ಮೊಮ್ಮಗಳು’ ಎಂದು ನಕ್ಕರು. ಅಸಲಿ ಭಾಗವನ್ನೇ ಪ್ಯಾಟರ್ನ್ ಮಾಡಿ ಉಸುಕಿನಲ್ಲಿ ಒತ್ತಿ ಎರಕ ಹೊಯ್ದರೆ, ಬೀಡುಕಬ್ಬಿಣ ಆರುವಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗುತ್ತದೆ. ನಿಜವಾದ ಪ್ಯಾಟರ್ನ್ ಮಾಡುವವರು ಆ ಕುಗ್ಗುವಿಕೆಯನ್ನು ಮೊದಲೇ ಲೆಕ್ಕ ಹಾಕಿ ಅಷ್ಟು ದೊಡ್ಡದಾಗಿ ಮಾಡುತ್ತಾರೆ. ನಕಲು ಮಾಡುವವರಿಗೆ ಆ ವ್ಯವಧಾನ ಇರುವುದಿಲ್ಲ. ಆದ್ದರಿಂದ ನಕಲು ಅಸಲಿಗಿಂತ ಸಣ್ಣದು. ಆದರೆ ಬೋಲ್ಟಿನ ತೂತುಗಳ ನಡುವೆ ಅಳೆದು ಪ್ರಯೋಜನವಿಲ್ಲ, ಅವನ್ನು ಆಮೇಲೆ ಸರಿಯಾದ ಅಳತೆಗೇ ಕೊರೆದಿರುತ್ತಾರೆ. ಯಂತ್ರ ಮುಟ್ಟದ ಜಾಗದಲ್ಲಿ ಅಳೆಯಬೇಕು: ಒಂದು ಪಕ್ಕೆಲುಬಿನಿಂದ ಇನ್ನೊಂದಕ್ಕೆ, ಮೊದಲ ಅಕ್ಷರದಿಂದ ಕೊನೆಯ ಅಕ್ಷರಕ್ಕೆ. ನನ್ನದರಲ್ಲಿ ಒಂದು ಗೇಣಿನ ಉದ್ದಕ್ಕೆ ಎರಡು ಮಿ.ಮೀ. ಕಡಿಮೆ ಬಂತು. ಅಕ್ಷರಗಳ ಅಂಚುಗಳೂ ಚೀಪಿದ ಪೆಪ್ಪರಮಿಂಟಿನ ಹಾಗೆ ದುಂಡಗಾಗಿದ್ದವು. ಹೋಲಿಸಲು ಅಸಲಿ ಮ್ಯಾನಿಫೋಲ್ಡ್ ಸಿಗುವವರೆಗೆ ಕೊಲ್ಲಾಪುರದ ಗುಜರಿಗಳಲ್ಲಿ ಸುತ್ತಿದ್ದರ ಪೆಟ್ರೋಲ್ ಖರ್ಚು ಈ ಲೆಕ್ಕದಲ್ಲಿ ಸೇರಿಲ್ಲ. ಮನೆಯವರು ಬೇರೆ ವಹಿಯಲ್ಲಿ ಬರೆದಿಟ್ಟಿದ್ದಾರೆ.

ವಿದ್ಯುತ್ ಭಾಗಗಳ ವಿಷಯ ಸುಲಭ. ಕಾರಿನ ವಿದ್ಯುತ್ ಭಾಗ ಮಾಡುತ್ತಿದ್ದ ಇಂಗ್ಲೆಂಡಿನ ಲೂಕಾಸ್ ಕಂಪನಿಯವರು ಡೈನಮೋ, ಸೆಲ್ಫ್, ಡೆಲ್ಕೋ (ಸ್ಪಾರ್ಕ್ ಹಂಚುವ ಡಿಸ್ಟ್ರಿಬ್ಯೂಟರ್) ಇವುಗಳ ಮೈಮೇಲೆ ಭಾಗದ ಸಂಖ್ಯೆಯ ಜೊತೆ ಕಾಲವನ್ನೂ ಒತ್ತುತ್ತಿದ್ದರು. ಎರಡು ಸಂಖ್ಯೆಗಳಲ್ಲಿ ಕೊನೆಯದು ವರ್ಷ; ಮೊದಲನೆಯದು 12ಕ್ಕಿಂತ ದೊಡ್ಡದಿದ್ದರೆ ವಾರ. ಒಳಗಿದ್ದರೆ ತಿಂಗಳೋ ವಾರವೋ ಎಂದು ಜಗಳವಾಡುವವರು ಆಡಲಿ, ನನಗೆ ವರ್ಷ ಸಿಕ್ಕರೆ ಸಾಕು. ಭಾಗ ಕಾರಿಗಿಂತ ಕೆಲವು ತಿಂಗಳು ಹಿರಿಯದಾಗಿರಬೇಕು. ನನ್ನ ಡೆಲ್ಕೋ ಹಾಗೆಯೇ ಇತ್ತು. ಡೈನಮೋ ಮೇಲೆ ಲೂಕಾಸ್-ಟಿವಿಎಸ್ ಎಂದಿತ್ತು. ಮದ್ರಾಸಿನ ಆ ಕಂಪನಿ ಹುಟ್ಟಿದ್ದೇ 1961ರಲ್ಲಿ. 1960ರ ಕಾರಿಗೆ ಅದು ಹೆರಿಗೆಯಲ್ಲಿ ಬಂದಿರಲು ಸಾಧ್ಯವಿಲ್ಲ. ಡೈನಮೋದ ಚಾರ್ಜು ಹದದಲ್ಲಿಡುವ ಕಟೌಟ್ ಪೆಟ್ಟಿಗೆಯೊಳಗೆ ಎರಡು ಸುರುಳಿಗಳಿದ್ದರೆ ಹಳೆಯ ಆರ್‌ಬಿ 106, ಮೂರಿದ್ದರೆ ಆಮೇಲಿನ ಆರ್‌ಬಿ 340. ನನ್ನದರಲ್ಲಿ ಎರಡು. ಸ್ಪಾರ್ಕಿಗೆ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ತಲೆಯ ಮೇಲೆ ಎಸ್‌ಡಬ್ಲ್ಯು, ಸಿಬಿ ಎಂಬ ಅಕ್ಷರಗಳ ಬದಲು ಪ್ಲಸ್, ಮೈನಸ್ ಗುರುತು ಇದ್ದರೆ ಅದು ಹೊಸ ಕಾಲದ್ದು. ‘ಅಸಲಿ’ ಎಂದು ನಾಲ್ಕು ಸಾವಿರ ಕೊಟ್ಟು ತರಿಸಿದ ಕಾಯಿಲ್ ಡಬ್ಬಿ ಬಿಚ್ಚಿದರೆ ಪ್ಲಸ್ ಮೈನಸ್. ವಾಪಸು ತೆಗೆದುಕೊಳ್ಳಲಿಲ್ಲ. ಈಗ ಅದು ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಕಾಯುತ್ತಿದೆ.

ಇನ್ನು ತಂತಿ. ಲೂಕಾಸ್ ತಂತಿಗಳ ಬಣ್ಣ ಈ ಕೆಲಸದವರಿಗೆಲ್ಲ ಬಾಯಿಪಾಠ: ಬ್ಯಾಟರಿಯಿಂದ ನೇರ ಬರುವುದು ಕಂದು, ಕೀಲಿ ತಿರುಗಿಸಿದ ಮೇಲೆ ಬರುವುದು ಬಿಳಿ, ಅದೇ ಫ್ಯೂಸ್ ದಾಟಿದರೆ ಹಸಿರು, ಹೆಡ್‌ಲೈಟ್ ನೀಲಿ, ಸೈಡ್ ಮತ್ತು ಟೇಲ್ ಕೆಂಪು, ಅರ್ತ್ ಕಪ್ಪು. ಆದರೆ ಅರವತ್ತು ವರ್ಷದ ಎಣ್ಣೆ, ಬೆಳಗಾವಿಯ ಮಳೆ, ಮುಧೋಳದ ಬಿಸಿಲು ಮೂರೂ ಸೇರಿದ ಮೇಲೆ ಎಲ್ಲವೂ ಹೊಗೆಸೊಪ್ಪಿನ ಬಣ್ಣ. ಇದರ ನಡುವೆ ಯಾವ ಯಾವ ಕಾಲದ ಎಲೆಕ್ಟ್ರಿಶಿಯನ್‌ಗಳೋ ಅಂಗಡಿಯಲ್ಲಿ ಸಿಕ್ಕ ಕೆಂಪು ತಂತಿಯನ್ನು ಎಲ್ಲೆಂದರಲ್ಲಿ ಎಳೆದಿದ್ದರು. ಅವೂ ಅದೇ ಹೊಗೆಸೊಪ್ಪು.

ಎಳೆ ಎಣಿಸುವ ಯೋಚನೆ ಬಂದದ್ದು ಆಗ. ಆ ಕಾಲದ ಇಂಗ್ಲಿಷ್ ತಂತಿಯ ಅಳತೆ ಎಳೆಗಳ ಲೆಕ್ಕದಲ್ಲಿತ್ತು. ಒಂದೊಂದು ಎಳೆ 0.012 ಇಂಚು, ಅಂದರೆ 0.3 ಮಿ.ಮೀ. ದಪ್ಪ. ಸಣ್ಣ ದೀಪಗಳಿಗೆ 14 ಎಳೆ, ಹೆಡ್‌ಲೈಟಿನಂಥ ಹೊರೆಗೆ 28, ಮುಖ್ಯ ಸಾಲಿಗೆ 44. ನಮ್ಮ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಮನೆ ವೈರಿಂಗ್ ತಂತಿಯೂ ಸಾಮಾನ್ಯವಾಗಿ 0.3ರ ಎಳೆಯದೇ. ಆದರೆ ಒಂದೂವರೆ ಚದರ ಮಿ.ಮೀ. ತಂತಿಯಲ್ಲಿ 22 ಎಳೆ, ಎರಡೂವರೆಯದರಲ್ಲಿ 36. ಕಾರಿನಲ್ಲಿ 22 ಅಥವಾ 36 ಬಂತೆಂದರೆ ಅದು ಯಾರದೋ ಮನೆಯ ಫ್ಯಾನಿಗೆ ಹೋಗಬೇಕಾಗಿದ್ದ ತಂತಿ. 28 ಬಂದರೆ ಅದು ಮನೆ ತಂತಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು. ತೊಡಕು ಇರುವುದು 14ರಲ್ಲಿ ಮಾತ್ರ: ಒಂದು ಚದರ ಮಿ.ಮೀ. ಮನೆ ತಂತಿಯಲ್ಲೂ 14 ಎಳೆಗಳೇ. ಅಲ್ಲಿ ತುದಿ ನೋಡಬೇಕು. ಬೆಸುಗೆ ಹಾಕಿದ ಹಿತ್ತಾಳೆ ಬುಲೆಟ್ (ತಂತಿ ಜೋಡಿಸಲು ಹಾಕುವ ಗುಂಡಿನಾಕಾರದ ತುದಿ) ಇದ್ದರೆ ಒಂದು ಅಂಕ, ಲೂಮ್‌ನ ಹತ್ತಿ ಹೆಣಿಗೆಯ ಒಳಗಿನಿಂದಲೇ ಹೊರಟಿದ್ದರೆ ಇನ್ನೊಂದು. ಮೈಕ್ರೋಮೀಟರ್ ಇಲ್ಲದವರು ಹತ್ತು ಎಳೆಗಳನ್ನು ಪಕ್ಕಪಕ್ಕ ಪೆನ್ಸಿಲಿಗೆ ಸುತ್ತಿ ಅಳೆಯಲಿ, ಮೂರು ಮಿ.ಮೀ. ಬರಬೇಕು.

ತಂತಿಯನ್ನೆಲ್ಲ ಕತ್ತರಿಸಿ ಎಣಿಸಬೇಕೇ ಎಂದು ಬೈಯಬೇಡಿ. ಬುಲೆಟ್‌ನ ಕೊರಳಿನ ಬಳಿ ಅರ್ಧ ಸೆಂಟಿಮೀಟರ್ ಹೊದಿಕೆ ಸರಿಸಿದರೆ ಸಾಕು. ಹೇಗಿದ್ದರೂ ಹಳೆಯ ಬುಲೆಟ್‌ಗಳಲ್ಲಿ ಬಹುಪಾಲನ್ನು ಮತ್ತೆ ಬೆಸೆಯಲೇಬೇಕು.

ಬಣ್ಣವೂ ಪೂರ್ತಿ ಹೋಗಿರುವುದಿಲ್ಲ. ತಂತಿ ತಗಡು ದಾಟುವ ಕಡೆಯ ರಬ್ಬರ್ ಬಳೆಯಾದ ಗ್ರೋಮೆಟ್‌ನ ಒಳಗೆ, ಕ್ಲಿಪ್‌ನ ಅಡಿಯಲ್ಲಿ, ಟೇಪ್ ಸುತ್ತಿದ ಕಡೆ ಬೆರಳಗಲ ಬಣ್ಣ ಉಳಿದಿರುತ್ತದೆ. ಸೀಮೆಎಣ್ಣೆಯಲ್ಲಿ ತೊಳೆದರೆ ಎಣ್ಣೆಯ ಜೊತೆ ಬಣ್ಣದ ಅಂಶವೂ ಹೋಗುತ್ತದೆ. ಪೆಟ್ರೋಲ್ ಇನ್ನೂ ಕೆಟ್ಟದ್ದು. ಕೊನೆಗೆ ಅಡುಗೆಮನೆಯಲ್ಲಿಯೇ ಸಿಗುವ ಎರಡು ವಸ್ತುಗಳನ್ನು ಬೆರೆಸಿ ಹಚ್ಚಿ, ರಾತ್ರಿಯಿಡೀ ಬಿಟ್ಟು, ಹತ್ತಿಯಲ್ಲಿ ಒರೆಸಿದೆ. ಹಳದಿಯ ಮೇಲಿನ ಹಸಿರು ಗೆರೆ ಹೊಸದರಂತೆ ಎದ್ದು ಬಂತು: ಡೈನಮೋದ ಎಫ್ ತುದಿಯ ತಂತಿ. ಎರಡು ವಸ್ತು ಯಾವುವು ಎಂದು ಕೇಳಬೇಡಿ. ಅದನ್ನು ಕಂಡುಕೊಳ್ಳಲು ನನಗೆ ಒಂದು ಮಳೆಗಾಲ ಬೇಕಾಯಿತು, ನಿಮಗೂ ಒಂದಿರಲಿ.

ನಡುವೆ ಅಡ್ಡದಾರಿಗಳನ್ನೂ ಹಿಡಿದೆ. ನೋಟು ಪರೀಕ್ಷಿಸುವ ನೇರಳೆ ಟಾರ್ಚು ತಂದು ಕತ್ತಲಲ್ಲಿ ಹಿಡಿದೆ. ಹೊಸ ಕಾಲದ ಹೆಣಿಗೆಯ ದಾರಕ್ಕೆ ಹೊಳಪು ಕೊಡುವ ರಾಸಾಯನಿಕ ಹಾಕಿರುತ್ತಾರಲ್ಲ, ಅದು ಹೊಳೆಯುತ್ತದೆ, ಹಳೆಯದು ಹೊಳೆಯುವುದಿಲ್ಲ ಎಂಬ ಲೆಕ್ಕ. ಎಂಜಿನ್ ಆಯಿಲ್ ಕೂಡ ಆ ಬೆಳಕಿಗೆ ಹೊಳೆಯುತ್ತದೆ. ಇಡೀ ಎಂಜಿನ್ ಕೋಣೆ ದೀಪಾವಳಿಯಂತೆ ಕಂಡಿತು. ಮುನ್ನೂರು ರೂಪಾಯಿಯ ಟಾರ್ಚು ಮಕ್ಕಳ ಪಾಲಾಯಿತು. ಆಮೇಲೆ ಬೆಂಕಿಯ ಪರೀಕ್ಷೆ. ಬಿಸಿ ಮಾಡಿದ ತಾಮ್ರಕ್ಕೆ ಪಿವಿಸಿ ತಾಗಿಸಿ ಜ್ವಾಲೆಗೆ ಹಿಡಿದರೆ ಜ್ವಾಲೆ ಹಸಿರಾಗುತ್ತದೆ, ರಬ್ಬರ್ ಆದರೆ ಕಪ್ಪು ಹೊಗೆ. ಗೆಳೆಯರೊಬ್ಬರ, ಅಂಬಾಸಿಡರ್‌ಗಿಂತ ಹಳೆಯ ಕಾರಾದ ಹಿಂದುಸ್ತಾನ್ 14ರಲ್ಲಿ ಇದು ಸೊಗಸಾಗಿ ನಡೆಯಿತು: ಹತ್ತಿ ಹೊದಿಕೆಯೊಳಗೆ ರಬ್ಬರ್, ರಬ್ಬರಿನೊಳಗೆ ತವರದ ಲೇಪದ ಬಿಳಿ ಎಳೆ. ರಬ್ಬರಿನಲ್ಲಿರುವ ಗಂಧಕ ಬರಿಯ ತಾಮ್ರವನ್ನು ತಿನ್ನುತ್ತದೆ, ಅದಕ್ಕಾಗಿ ಆ ತವರ. ಅಲ್ಲಿ ಎಳೆ ಕೆಂಪಗೆ ಕಂಡರೆ ತಂತಿ ಆಮೇಲಿನದು. ಅಂಬಾಸಿಡರ್‌ನಲ್ಲಿ ಈ ಪರೀಕ್ಷೆ ಕೈಕೊಟ್ಟಿತು. ಅದರ ಅಸಲಿ ಲೂಮ್‌ನ ಹತ್ತಿ ಹೆಣಿಗೆಯೊಳಗೂ ಪಿವಿಸಿ ತಂತಿಗಳೇ ಇದ್ದವು. ಹೊಗೆ ಮಾತ್ರ ಕುಡಿದೆ. ನೀವು ಮಾಡುವುದಾದರೆ ಬಯಲಿನಲ್ಲಿ ಮಾಡಿ.

ಬ್ಯಾಟರಿ ದಿಕ್ಕಿನದೂ ಒಂದು ವ್ಯಾಜ್ಯವಿತ್ತು. ಅಂಬಾಸಿಡರ್‌ನ ಮೂಲವಾದ ಮಾರಿಸ್ ಆಕ್ಸ್‌ಫರ್ಡ್‌ನಲ್ಲಿ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ಕಡೆಯನ್ನು ಬಾಡಿಗೆ ಬಿಗಿದದ್ದು. ನನ್ನ ಕಾರಿಗೆ ನೆಗೆಟಿವ್ ಅರ್ತ್ ಮಾಡಿಟ್ಟಿದ್ದರು, ಮೊದಲಿನಿಂದಲೂ ಹಾಗೆಯೇ ಎಂದು ವಾದಿಸುವವರೂ ಇದ್ದರು. ಬ್ಯಾಟರಿಯ ಪಾಸಿಟಿವ್ ಕಂಬ ನೆಗೆಟಿವ್‌ಗಿಂತ ಒಂದೂವರೆ ಮಿ.ಮೀ.ನಷ್ಟು ದಪ್ಪ. ಬಾಡಿಗೆ ಬಿಗಿದಿದ್ದ ಹಳೆಯ ಹೆಣೆದ ಪಟ್ಟಿಯ ಕ್ಲಾಂಪ್‌ನೊಳಗೆ ತಗಡಿನ ಚೂರು ತುರುಕಿ ಬಿಗಿ ಮಾಡಿದ್ದರು. ಚೂರು ಕಿತ್ತು ಅಳೆದೆ, ಅದು ದಪ್ಪ ಕಂಬದ ಕ್ಲಾಂಪ್. ವ್ಯಾಜ್ಯ ಮುಗಿಯಿತು.

ಇಷ್ಟಾದರೂ ನಮ್ಮವರು ಒಪ್ಪಲಿಲ್ಲ. ‘ನಿನ್ನ ಕಾರಿನಲ್ಲಿ ನೀನೇ ಪರೀಕ್ಷೆ ಬರೆದು ನೀನೇ ಅಂಕ ಕೊಟ್ಟುಕೊಂಡರೆ ಹೇಗೆ?’ ಎಂದರು. ಮಾತು ನ್ಯಾಯವೇ. ಗೋಕಾಕದ ಬಳಿ ಒಂದು ತೋಟದ ಮನೆಯಲ್ಲಿ ಅದೇ ಕಾಲದ ಇನ್ನೊಂದು ಅಂಬಾಸಿಡರ್ ಮಣ್ಣಿಗೆ ಕೂತಿತ್ತು. ಎಂಜಿನ್ ಯಾವಾಗಲೋ ಮಾರಿಹೋಗಿದ್ದರಿಂದ ಅದರ ವೈರಿಂಗನ್ನು ಮುಟ್ಟಲು ಯಾರಿಗೂ ಕಾರಣವಿರಲಿಲ್ಲ. ಹೋಗುವ ಮುನ್ನ ಎಲ್ಲರ ಎದುರು ಕಾಗದದ ಮೇಲೆ ಬರೆದೆ: ಇಂಥ ಜಾಗದಲ್ಲಿ ಇಂಥ ಬಣ್ಣ, ಇಷ್ಟು ಎಳೆ. ಹನ್ನೆರಡೋ ಹದಿಮೂರೋ ಕಡೆ ಬಿಚ್ಚಿದೆವು. ಒಂದು ಬಿಟ್ಟು ಎಲ್ಲ ಸರಿಬಂತು. ಆ ಒಂದು ಹಾರ್ನ್ ತಂತಿ, ಅದಕ್ಕೆ ಇನ್ನೂ ನನ್ನ ಬಳಿ ಉತ್ತರವಿಲ್ಲ. ಪುಣೆಯ ಹಿರಿಯರಿಗೆ ಫೋಟೋ ಕಳಿಸಿದೆ. ಒಂದು ವಾರ ಸುಮ್ಮನಿದ್ದು, ಆಮೇಲೆ ತಮ್ಮ ಕಾರಿನ ಎರಡು ತುಂಡು ತಂತಿಗಳನ್ನು ಲಕೋಟೆಯಲ್ಲಿ ಹಾಕಿ ‘ಇವು ಯಾವ ಕಾಲದವು ನೋಡಿ’ ಎಂದು ಕಳಿಸಿದರು. ಒಂದರಲ್ಲಿ 36 ಎಳೆ. ಮೃದುವಾಗಿಯೇ ತಿಳಿಸಿದೆ.

ಹಣದ ವಿಷಯಕ್ಕೆ ಬಂದರೆ, ಈ ವಿದ್ಯೆ ಈಗ ಸ್ವಲ್ಪ ಗಳಿಸಿಯೂ ಕೊಡುತ್ತಿದೆ. ವಿಜಯಪುರದಲ್ಲಿ ಒಬ್ಬರು ಎಂಜಿನ್ ಸಂಖ್ಯೆ ಆರ್‌ಸಿ ಪುಸ್ತಕಕ್ಕೆ ತಾಳೆಯಾಗುವ ಕಾರು ಎಂದು ಮೂರೂವರೆ ಲಕ್ಷ ಹೇಳುತ್ತಿದ್ದರು. ಕೊಳ್ಳುವವರು ನನ್ನನ್ನು ಕರೆದುಕೊಂಡು ಹೋದರು. ಸಂಖ್ಯೆ ತಾಳೆಯಾಗುತ್ತಿತ್ತು, ಸರಿ. ಆದರೆ ಬ್ಲಾಕ್ ಮೇಲಿನ ನಂಬರ್ ಪಟ್ಟಿಯ ಎರಡೂ ರಿವೆಟ್‌ಗಳ ತಲೆಯ ನಟ್ಟನಡುವೆ ತೂತು ಕಾಣುತ್ತಿತ್ತು. ಸುತ್ತಿಗೆಯಿಂದ ಹೊಡೆದು ಕೂರಿಸುವ ಹಳೆಯ ರಿವೆಟ್‌ನ ತಲೆ ಗಟ್ಟಿ, ದುಂಡಗೆ ಇರುತ್ತದೆ. ನಡುವೆ ತೂತಿದ್ದರೆ ಅದು ಪಾಪ್ ರಿವೆಟ್. ಪಟ್ಟಿ ಒಂದು ಬ್ಲಾಕ್‌ನಿಂದ ಇನ್ನೊಂದಕ್ಕೆ ವಲಸೆ ಬಂದಿತ್ತು. ಬೆಲೆ ಎರಡು ಲಕ್ಷದ ಹತ್ತಿರಕ್ಕೆ ಇಳಿಯಿತು, ಆದರೂ ನಾನು ಬೇಡವೆಂದೆ. ಆರ್‌ಸಿಗೂ ಬ್ಲಾಕಿಗೂ ಸಂಬಂಧವಿಲ್ಲದ ಕಾರು ಯಾವ ಬೆಲೆಗೂ ತಲೆನೋವೇ.

ಈಗ ಬಾಗಲಕೋಟೆಯಿಂದ ಒಂದು ಫಿಯೆಟ್ 1100 ಬಂದು ನಿಂತಿದೆ. 1089 ಸಿಸಿ, ಬಾನೆಟ್ ಒಳಗೆ ಇಲಿಗಳ ಮೂರು ಸಂಸಾರ. ಇಟಲಿಯ ನಕ್ಷೆಯ ಕಾರಾದ್ದರಿಂದ ಲೂಕಾಸ್ ಬಣ್ಣಗಳ ಪಾಠ ಇಲ್ಲಿ ನಡೆಯುವುದಿಲ್ಲ. ಬೋಲ್ಟುಗಳು ಹುಟ್ಟಿನಿಂದಲೇ ಮೆಟ್ರಿಕ್ ಆದ್ದರಿಂದ ಪಾನಾದ ಉಪಾಯಕ್ಕೂ ರಜೆ. ಸದ್ಯಕ್ಕೆ ಎರಕದ ಭಾಗಗಳನ್ನು ಕಾಕಾ ಅವರ ಮುಂದೆ ಇಟ್ಟಿದ್ದೇನೆ, ತಂತಿಗಳ ಎಳೆ ಎಣಿಸಿ ಪಟ್ಟಿ ಮಾಡುತ್ತಿದ್ದೇನೆ. ಅದೇ ಕಾಲದ, ಯಾರೂ ಕೈ ಹಾಕದ ಇನ್ನೊಂದು 1100 ಈ ಮೂರು ಜಿಲ್ಲೆಗಳಲ್ಲಿ ಎಲ್ಲಾದರೂ ಇದ್ದರೆ ತಿಳಿಸಿ. ಬುಲೆಟ್ ಬಿಚ್ಚಿ ನೋಡಿ, ಮತ್ತೆ ಬೆಸೆದು ಕೊಡುವ ಖರ್ಚು ನನ್ನದು.