ಹತ್ತನೇ ಬೊಂಬೆ

ನಮ್ಮ ಮೊದಲ ಚಿತ್ರಕಥೆಯಲ್ಲಿ ಮೂರು ಪುಟ ಪೂರ್ತಿ ಓಟವೇ ಇತ್ತು. ಪಾಳುಬಿದ್ದ ಮನರಂಜನಾ ಪಾರ್ಕು, ಅದರಲ್ಲಿ ಮುಚ್ಚಿಹೋದ ಒಂದು ಗೋಸ್ಟ್ ಟ್ರೇನ್ (ಪುಟ್ಟ ಗಾಡಿಯಲ್ಲಿ ಕೂರಿಸಿ, ಕತ್ತಲಲ್ಲಿ ಬೊಂಬೆಗಳಿಂದ ಹೆದರಿಸುವ ಸವಾರಿ), ಮುಂದೆ ಓಡುವ ಹುಡುಗಿ, ಹಿಂದೆ ಮುಖವಾಡ ಹಾಕಿ ಕೊಡಲಿ ಹಿಡಿದವನು. ಬರೆಯುವಾಗ ಮೈ ಜುಮ್ಮೆಂದಿತ್ತು. ಲೊಕೇಶನ್ ಸಿಕ್ಕ ದಿನ ನಾಯಕಿಯನ್ನು ಒಂದು ಗೋಡೆಯಿಂದ ಎದುರು ಗೋಡೆಯವರೆಗೆ ಓಡಿಸಿ ನೋಡಿದೆ. ಆರೇ ಸೆಕೆಂಡ್! ಅವಳು ಗೋಡೆಗೆ ಕೈ ಊರಿ ನಿಂತು, "ಸಾರ್, ಆಮೇಲೆ?" ಅಂದಳು. ನನ್ನ ಹತ್ತಿರ ಉತ್ತರವಿರಲಿಲ್ಲ.

ಹೊರಗಿನಿಂದ ಕೋಟೆಯ ಹಾಗೆ ಕಾಣುವ ಈ ಸವಾರಿಗಳು ಒಳಗೆ ಒಂದು ಸಣ್ಣ ಗೋದಾಮಿನಷ್ಟೇ ಇರುತ್ತವೆ. ಜಾಗ ಕಡಿಮೆ, ದಾರಿ ಮಾತ್ರ ಉದ್ದ. ಹಳಿ ಹಾವು ಸುತ್ತಿದ ಹಾಗೆ ಸುತ್ತಿಕೊಂಡಿರುತ್ತದೆ, ಒಂದು ಸುತ್ತಿಗೂ ಇನ್ನೊಂದಕ್ಕೂ ನಡುವೆ ಬರೀ ಒಂದು ಪ್ಲೈವುಡ್ ಹಲಗೆ. ಒಂದೇ ಹಳಿಯ ಮೇಲೆ ವಿದ್ಯುತ್ತಿನಲ್ಲಿ ಓಡುವ ಇಂಥ ಗಾಡಿಗಳನ್ನು 1920ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ತಂದ ಅಮೆರಿಕದ ಲಿಯಾನ್ ಕ್ಯಾಸಿಡಿ, ತನ್ನ ಕಂಪನಿಗೆ ಪ್ರೆಟ್ಜೆಲ್ ಎಂದೇ ಹೆಸರಿಟ್ಟ. ತಿರುಚಿ ಗಂಟು ಹಾಕಿದ ಆ ತಿನಿಸನ್ನು ನೋಡಿದವರಿಗೆ ಹಳಿಯ ನಕ್ಷೆ ಬೇರೆ ವಿವರಿಸಬೇಕಿಲ್ಲ.

ಮಾರನೇ ದಿನ ಟಾರ್ಚ್ ಹಿಡಿದು ಹಳಿಯ ಗುಂಟ ಮಂಡಿಯೂರಿಕೊಂಡೇ ಹೋದೆ. ಪ್ರತಿ ತಿರುವಿನ ಹತ್ತಿರ ನೆಲದಲ್ಲಿ ತುಕ್ಕು ಹಿಡಿದ ಒಂದು ಸ್ವಿಚ್ಚು. ಗಾಡಿ ಅದನ್ನು ಒತ್ತಿದಾಗ ದೀಪ ಹತ್ತಿ ಬೊಂಬೆ ಮುಂದಕ್ಕೆ ಚಿಮ್ಮಬೇಕು, ಗಾಡಿ ದಾಟಿದ ಮೇಲೆ ಕತ್ತಲು. ಅಂದರೆ ನೋಡುವವನಿಗೆ ಬೊಂಬೆ ಸಿಗುವುದು ಎರಡು ಮೂರು ಸೆಕೆಂಡ್ ಮಾತ್ರ, ಅಷ್ಟರಲ್ಲಿ ಗಾಡಿ ಬೇರೆ ಕಡೆ ಮುಖ ತಿರುಗಿಸಿರುತ್ತದೆ. ಎಲ್ಲಿ ನೋಡಬೇಕು, ಎಷ್ಟು ಹೊತ್ತು ನೋಡಬೇಕು ಎಂಬುದನ್ನು ಅದನ್ನು ಕಟ್ಟಿದವನೇ ತೀರ್ಮಾನಿಸಿಬಿಟ್ಟಿದ್ದಾನೆ. ನಾನು ಎಡಿಟಿಂಗ್ ಟೇಬಲ್ ಮೇಲೆ ಮಾಡಬೇಕೆಂದುಕೊಂಡಿದ್ದ ಕೆಲಸ ಇಲ್ಲಿ ಮರ ಮತ್ತು ಮೊಳೆಯಲ್ಲೇ ಮುಗಿದಿತ್ತು.

ಓಟದ ಮೂರು ಪುಟ ಹರಿದು ಹಾಕಿದೆ. ಹೊಸ ಕಥೆಯಲ್ಲಿ ಕೊಲೆಗಾರ ಓಡುವುದೇ ಇಲ್ಲ, ನಿಂತಿರುತ್ತಾನೆ. ಆ ಸವಾರಿಯಲ್ಲಿ ಉಳಿದಿದ್ದದ್ದು ಒಂಬತ್ತು ಬೊಂಬೆ. ಹುಡುಗಿ ಮೊದಲ ಸಲ ಹಳಿ ಹಿಡಿದು ನಡೆಯುವಾಗ ಒಂಬತ್ತು, ವಾಪಸು ಬರುವಾಗ ಹತ್ತು.

ಇದು ನನ್ನ ತಲೆಯಲ್ಲಿ ಹೊಸದಾಗಿ ಹುಟ್ಟಿದ್ದೇನೂ ಅಲ್ಲ. ಎಲ್ಮರ್ ಮೆಕರ್ಡಿಯ ಕಥೆ ಓದಿದವರಿಗೆ ಇಂಥದ್ದು ತಾನಾಗಿಯೇ ಹೊಳೆಯುತ್ತದೆ. 1976ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನ ಒಂದು ಕತ್ತಲ ಸವಾರಿಯೊಳಗೆ ಟೀವಿ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿತ್ತು. ನೇತುಹಾಕಿದ್ದ ಮೇಣದ ಬೊಂಬೆಯೊಂದನ್ನು ಸರಿಸಲು ಹೋದಾಗ ಅದರ ತೋಳು ಕಳಚಿ ಬಂತು, ಒಳಗೆ ಮೂಳೆ. 1911ರಲ್ಲಿ ಒಕ್ಲಹೋಮಾದಲ್ಲಿ ಗುಂಡೇಟಿಗೆ ಸತ್ತ ರೈಲು ದರೋಡೆಕೋರನ ಹೆಣ ಅದು. ಕೆಡದಂತೆ ಮದ್ದು ತುಂಬಿದ್ದ ಹೆಣವನ್ನು ಜಾತ್ರೆಯಿಂದ ಜಾತ್ರೆಗೆ ತೋರಿಸುತ್ತಾ, ಕೊನೆಗೆ ಹೆಣವೆಂಬುದನ್ನೇ ಎಲ್ಲರೂ ಮರೆತಿದ್ದರು. 1977ರಲ್ಲಿ ಹೂತು ಮೇಲೆ ಕಾಂಕ್ರೀಟ್ ಸುರಿದರಂತೆ, ಮತ್ತೆ ಯಾರೂ ಎತ್ತಿಕೊಂಡು ಹೋಗದ ಹಾಗೆ. ಎಷ್ಟೋ ಜನ ಚೀಟಿ ಕೊಂಡು ಆ ಹೆಣದ ಪಕ್ಕದಲ್ಲೇ ನಗುತ್ತಾ ಹಾದುಹೋಗಿದ್ದರು. ನನಗೆ ಬೇಕಿದ್ದದ್ದು ಆ ನಗು.

ಇನ್ನೊಂದು ತಲೆನೋವು, ಇವರು ಅಲ್ಲಿಗೆ ಹೋಗುವುದಾದರೂ ಯಾಕೆ? ನಿರ್ದೇಶಕ ಟೋಬ್ ಹೂಪರ್ 1981ರ 'ದಿ ಫನ್‌ಹೌಸ್' ಚಿತ್ರದಲ್ಲಿ ನಾಲ್ಕು ಹುಡುಗ ಹುಡುಗಿಯರನ್ನು ಪಂತದ ನೆಪದಲ್ಲಿ ರಾತ್ರಿಯಿಡೀ ಒಳಗೇ ಉಳಿಸಿದ. ಅದು ನಡೆಯುತ್ತಿರುವ ಜಾತ್ರೆ, ಹಾಗಾಗಿ ನಂಬಬಹುದು. ಪಾಳು ಜಾಗಕ್ಕೆ ಮೋಜಿಗೆ ಹೋದರು ಎಂದರೆ ಪ್ರೇಕ್ಷಕ ಮೊದಲ ನಿಮಿಷದಲ್ಲೇ ಅವರನ್ನು ಪೆದ್ದರೆಂದು ಬರೆದುಹಾಕುತ್ತಾನೆ, ಆಮೇಲೆ ಸತ್ತರೂ ಅಯ್ಯೋ ಅನ್ನುವುದಿಲ್ಲ. ನಾನು ಕೆಲಸ ಕೊಟ್ಟೆ: ಅಕ್ಕ, ತಮ್ಮ ಇಬ್ಬರೂ ಗುಜರಿಗೆ ಹೋಗಲಿರುವ ಸಾಮಾನನ್ನು ಪಟ್ಟಿ ಮಾಡಲು ಬಂದವರು. ಎಣಿಸುವುದೇ ಅವರ ಕೆಲಸವಾಯಿತು.

ಚಿತ್ರೀಕರಣ ನಾಲ್ಕು ರಾತ್ರಿ. ಮೊದಲ ರಾತ್ರಿ ಒಂದೂ ಶಾಟ್ ತೆಗೆಯಲಿಲ್ಲ, ಬರೀ ನೆಲ ತಟ್ಟಿ ನೋಡಿದೆವು. ಪ್ಲೈವುಡ್ ನೀರು ಕುಡಿದು ಬಿಸ್ಕತ್ತಿನ ಹಾಗಾಗಿತ್ತು. ಕಾಲಿಡಬಾರದ ಕಡೆಯೆಲ್ಲ ಬಿಳಿ ಟೇಪು ಹಚ್ಚಿದೆವು. ಪಾರಿವಾಳದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಹಾಗಾಗಿ ಕ್ಯಾಮರಾ ಮುಂದೆ ಇಲ್ಲದವರೆಲ್ಲ ಮಾಸ್ಕ್ ಹಾಕಿಕೊಂಡೇ ಇದ್ದೆವು. ಬೆಂಕಿಯ ವಿಷಯದಲ್ಲಿ ನಾನು ಯಾರ ಮಾತೂ ಕೇಳಲಿಲ್ಲ. 1979ರಲ್ಲಿ ಸಿಡ್ನಿಯ ಲೂನಾ ಪಾರ್ಕ್‌ನ ಗೋಸ್ಟ್ ಟ್ರೇನ್‌ಗೆ ಬೆಂಕಿ ಬಿದ್ದು ಏಳು ಜನ ಸತ್ತರು, ಅವರಲ್ಲಿ ಆರು ಮಕ್ಕಳು. 1984ರಲ್ಲಿ ನ್ಯೂಜೆರ್ಸಿಯ ಹಾಂಟೆಡ್ ಕ್ಯಾಸಲ್‌ನಲ್ಲಿ ಎಂಟು ಹದಿಹರೆಯದವರು. ದಾರಿ ತಪ್ಪಿಸಲೆಂದೇ ಕಟ್ಟಿದ ಜಾಗದಿಂದ ಹೊಗೆಯಲ್ಲಿ ಹೊರಗೆ ಬರುವುದು ಹೇಗೆ? ಕಥೆಯಲ್ಲಿ ಮೇಣದಬತ್ತಿ ಇತ್ತು, ಕಿತ್ತುಹಾಕಿದೆ. ಹಿಂದಿನ ಗೋಡೆಯ ಎರಡು ಹಲಗೆ ಬಿಚ್ಚಿ ಬಾಗಿಲು ಮಾಡಿದೆವು, ಅಲ್ಲಿ ಯಾವಾಗಲೂ ಒಬ್ಬ ಟಾರ್ಚ್ ಹಿಡಿದು ಕೂತಿರಬೇಕು. ದೀಪಗಳೆಲ್ಲ ಬ್ಯಾಟರಿಯವು.

ಆ ದೀಪಗಳೇ ನನಗೆ ಪಾಠ ಕಲಿಸಿದ್ದು. ಹಳೇ ಸವಾರಿಯ ಬಣ್ಣ ಇರಲಿ ಎಂದು ಹಸಿರು ಬೆಳಕು ಹಾಕಿದ್ದೆ. ಮೊದಲ ಕೊಲೆ, ಲೀಟರುಗಟ್ಟಲೆ ರಕ್ತ, ಮಾನಿಟರ್‌ನಲ್ಲಿ ನೋಡಿದರೆ ಗಾಡಿಯ ಎಣ್ಣೆ ಸೋರಿದ ಹಾಗಿದೆ! ಹಸಿರು ಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ಕೆಂಪು ಬೆಳಕಿಗೆ ಬದಲಾಯಿಸಿದೆ, ಆಗ ರಕ್ತ ಚರ್ಮದ ಬಣ್ಣದಲ್ಲೇ ಕರಗಿಹೋಯಿತು. ಕೊನೆಗೆ ಸೋರಿದ ಎಣ್ಣೆಯನ್ನೇ ಇಟ್ಟುಕೊಂಡೆ. ಅಕ್ಕ ಅದನ್ನು ಮುಟ್ಟಿ, ಎಣ್ಣೆಯೆಂದೇ ಪಟ್ಟಿಯಲ್ಲಿ ಬರೆದುಕೊಂಡು ಮುಂದೆ ಹೋಗುತ್ತಾಳೆ. ಹತ್ತು ಹೆಜ್ಜೆಯಾಚೆ ಬಿಳಿ ಟಾರ್ಚ್ ಬೆಳಕಿನಲ್ಲಿ ಬೆರಳು ನೋಡಿಕೊಂಡಾಗ ಕೆಂಪು. ಇಡೀ ಚಿತ್ರದಲ್ಲಿ ನನಗೆ ಇಷ್ಟವಾದ ಶಾಟ್ ಅದು, ನಾನು ಬರೆದದ್ದಲ್ಲ.

ಮಿಣುಕುವ ಸ್ಟ್ರೋಬ್ ದೀಪ ಮಾತ್ರ ದಂಡ. ನಮ್ಮ ಕ್ಯಾಮರಾದ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲುಸಾಲಾಗಿ ಓದುವಂಥದ್ದು. ಅದು ಓದಿ ಮುಗಿಸುವ ಮೊದಲೇ ಮಿಂಚು ಆರಿದರೆ ಫ್ರೇಮಿನ ಅರ್ಧಕ್ಕೆ ಬೆಳಕು, ಅರ್ಧಕ್ಕೆ ಕತ್ತಲು. ಅಲ್ಲದೆ ಅಂಥ ಬೆಳಕು ಕೆಲವರಿಗೆ ಮೂರ್ಛೆಯನ್ನೇ ತರಬಹುದು. ಅದನ್ನು ಪೆಟ್ಟಿಗೆಗೆ ಹಾಕಿದೆ.

ಮುಖವಾಡದ ಕಣ್ಣುತೂತಿನಿಂದ ಕೊಲೆಗಾರನ ನೋಟ ತೋರಿಸುವ ಶಾಟ್ ಕೂಡ ತೆಗೆದಿದ್ದೆ. ಸ್ಲ್ಯಾಷರ್, ಅಂದರೆ ಕೊಲೆಗಾರ ಒಬ್ಬೊಬ್ಬರನ್ನೇ ಮುಗಿಸುವ ಚಿತ್ರ ಅಂದಮೇಲೆ ಅದಿಲ್ಲದಿದ್ದರೆ ಹೇಗೆ ಎಂಬ ಭಕ್ತಿ. ಆದರೆ ಅದು ಬಂದ ಕ್ಷಣವೇ ಅವನು ಎಲ್ಲಿದ್ದಾನೆಂದು ಗೊತ್ತಾಗಿಬಿಡುತ್ತದೆ. ಎಲ್ಲಿದ್ದಾನೋ ಗೊತ್ತಿಲ್ಲದಿರುವುದೇ ನಮ್ಮ ಬಂಡವಾಳ. ಕತ್ತರಿಸಿದೆ. ಆ ಪಾತ್ರ ಮಾಡಿದ ಗೆಳೆಯ ಇನ್ನೂ ಹೇಳುತ್ತಾನೆ: "ನಾಲ್ಕು ರಾತ್ರಿ ನಿಂತದ್ದೇ ಬಂತಲ್ಲೋ, ಒಂದು ಹೆಜ್ಜೆ ಇಡೋಕೂ ಬಿಡಲಿಲ್ಲ ನೀನು." ನಿಲ್ಲುವುದೂ ಸುಲಭವಿರಲಿಲ್ಲ. ಉಸಿರಾಟ ಕಾಣದಿರಲೆಂದು ಒಳಗೆ ರಟ್ಟಿನ ಕವಚ ಹಾಕಿದ್ದೆವು. ಮೂರನೇ ರಾತ್ರಿ ಲೈಟ್ ಹುಡುಗ ಅವನ ಚಾಚಿದ ಕೈಗೆ ಕೇಬಲ್ ಸುರುಳಿ ನೇತುಹಾಕಿ ಹೋದ. ನಮ್ಮ ಗೆಳೆಯ ಅಲುಗಾಡಲಿಲ್ಲ, ಟೇಕ್ ನಡೆಯುತ್ತಿದೆ ಅಂದುಕೊಂಡಿದ್ದನಂತೆ.

ಮೊದಲ ಎಡಿಟ್ ಅನ್ನು ಹನ್ನೆರಡು ಜನಕ್ಕೆ ತೋರಿಸಿದೆ. ಹತ್ತನೇ ಬೊಂಬೆಯನ್ನು ಒಬ್ಬರೂ ಗಮನಿಸಲಿಲ್ಲ. ಕತ್ತಲೆಯಲ್ಲಿ ಎಲ್ಲ ಬೊಂಬೆಯೂ ಅವರಿಗೆ ಹೊಸದೇ, ಯಾರು ಲೆಕ್ಕ ಇಡುತ್ತಾರೆ? ಮತ್ತೆ ಒಂದು ರಾತ್ರಿ ಹೋಗಿ ಮೊದಲ ಸುತ್ತನ್ನೇ ಬೇರೆ ಮಾಡಿದೆವು. ತಮ್ಮ ಗಟ್ಟಿಯಾಗಿ ಎಣಿಸುತ್ತಾ ಒಂದೊಂದಕ್ಕೂ ಅಡ್ಡಹೆಸರು ಇಡುತ್ತಾನೆ, ಅಕ್ಕ ಗದರುತ್ತಾಳೆ. ಅದು ತಮಾಷೆಯ ದೃಶ್ಯ, ಉದ್ದವೂ ಹೌದು. ವಾಪಸು ಬರುವಾಗ ತಮ್ಮ ಇಲ್ಲ. ಅಕ್ಕ ಒಬ್ಬಳೇ ಆ ಅಡ್ಡಹೆಸರುಗಳನ್ನು ಬಾಯಲ್ಲಿ ಹೇಳಿಕೊಳ್ಳುತ್ತಾ ಬರುತ್ತಾಳೆ. ಐದಾದ ಮೇಲೆ ಹೆಸರಿಲ್ಲದ್ದೊಂದು ನಿಂತಿದೆ. ಹಿನ್ನೆಲೆ ಸಂಗೀತವನ್ನೂ ಅಲ್ಲಿ ತೆಗೆದೆ, ಹಳಿಯ ಮೇಲೆ ಅವಳ ಚಪ್ಪಲಿಯ ಸದ್ದು ಮಾತ್ರ.

ಎರಡನೇ ಸಲ ತೋರಿಸಿದಾಗ ನಾನು ಪರದೆಯ ಕಡೆ ಬೆನ್ನು ಮಾಡಿ ಜನರ ಮುಖ ನೋಡುತ್ತಾ ಕೂತಿದ್ದೆ. ಹೆಸರಿಲ್ಲದ್ದು ಬಂದಾಗ ಕೆಲವರು ಉಸಿರು ಹಿಡಿದರು, ಅಷ್ಟೇ. ಕಿರುಚಿದ್ದು ಅದಕ್ಕೂ ಮೊದಲು, ನಾಲ್ಕನೆಯದರ ಹತ್ತಿರ. ಅದು ಮೂಗು ಮುರಿದ ಹಳೇ ಮುದುಕಿಯ ಬೊಂಬೆ. ನಾವು ಅದಕ್ಕೆ ದೀಪವನ್ನೂ ಸರಿಯಾಗಿ ಹಾಕಿರಲಿಲ್ಲ.