ಊದಿದರೆ ಕ್ಲಿಕ್: ತಲೆ-ಮೌಸ್ ಪಳಗಿಸಿದ ನನ್ನ ಅನುಭವ

ತಲೆಯಾಡಿಸಿ ಕರ್ಸರ್ ಓಡಿಸುವುದು ದೊಡ್ಡ ಸಾಹಸವೇನಲ್ಲ. ತಿರುಗುವ ವೇಗ ಅಳೆಯುವ ಒಂದು ಜೈರೋ ಸಂವೇದಕ, ಪ್ರೋಗ್ರಾಂ ತುಂಬಬಹುದಾದ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡ್, ಬಿಡುವಿನ ಒಂದು ಸಂಜೆ ಇದ್ದರೆ ಸಾಕು. ಪ್ರಾಣ ಹಿಂಡುವುದು ಕ್ಲಿಕ್. ಕರ್ಸರನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿ, ಅದು ಕದಲದಂತೆ ಒತ್ತುವುದಿದೆಯಲ್ಲ, ನನ್ನ ಹಣ ಮತ್ತು ನಿದ್ದೆ ಎರಡನ್ನೂ ನುಂಗಿದ್ದು ಅದೇ.

ಕತ್ತಿನಿಂದ ಕೆಳಗೆ ಸ್ವಾಧೀನವಿಲ್ಲದ ಅಣ್ಣನಿಗಾಗಿ ಈ ಕೆಲಸಕ್ಕೆ ಕೈಹಾಕಿದೆ: ತಲೆಯಿಂದ ಕರ್ಸರ್, ಬಾಯಲ್ಲಿಟ್ಟ ಕೊಳವೆಗೆ ಊದಿ ಅಥವಾ ಹೀರಿ ಕ್ಲಿಕ್. ಎಲೆಕ್ಟ್ರಾನಿಕ್ಸ್ ಬಲ್ಲ ಗೆಳೆಯರಲ್ಲಿ ಒಬ್ಬನೂ ಹುರಿದುಂಬಿಸಲಿಲ್ಲ. ‘ಲ್ಯಾಪ್‌ಟಾಪ್ ಕ್ಯಾಮೆರಾವೇ ಮುಖ ನೋಡಿ ಕರ್ಸರ್ ಓಡಿಸುವಾಗ ಬಾಯಿಗೆ ಕೊಳವೆ ಯಾಕೆ?’ ಎಂದ ಒಬ್ಬ. ‘ಉಸಿರಿನಲ್ಲಿ ಡಬಲ್ ಕ್ಲಿಕ್ಕಾ? ಆಗುವ ಮಾತಲ್ಲ ಬಿಡು’ ಎಂದ ಇನ್ನೊಬ್ಬ. ಕ್ಯಾಮೆರಾದ ದಾರಿಯನ್ನು ನಾನು ಆಗಲೇ ನೋಡಿಯಾಗಿತ್ತು. ಬೆಳಕು ಬದಲಾದರೆ ಅದು ತಡವರಿಸುತ್ತದೆ, ಅದನ್ನು ಹೇಗೋ ಸಹಿಸಬಹುದು. ಆದರೆ ಕ್ಲಿಕ್‌ಗೆ ಅದರಲ್ಲಿದ್ದ ಉಪಾಯ ಒಂದೇ: ಕರ್ಸರ್ ಒಂದೆಡೆ ಸೆಕೆಂಡಿನಷ್ಟು ನಿಂತರೆ ತಾನಾಗಿ ಒತ್ತಿಕೊಳ್ಳುವುದು. ಅಣ್ಣ ಲೆಕ್ಕಪತ್ರದ ಕೆಲಸ ಮಾಡುವವನು. ಒಂದು ಮೊತ್ತ ಸರಿಯೇ ಎಂದು ಯೋಚಿಸಲು ನಿಂತರೆ ಯಾವುದೋ ಕಡತ ತೆರೆದುಕೊಳ್ಳುತ್ತಿತ್ತು. ‘ನನಗೆ ಯೋಚಿಸುವುದಕ್ಕೂ ಇದು ಬಿಡುವುದಿಲ್ಲವಲ್ಲೋ’ ಎಂದು ಅವನು ರೇಗಿದ ದಿನ ಕ್ಯಾಮೆರಾ ಕೈಬಿಟ್ಟೆ.

ಬೋರ್ಡ್ ವಿಷಯದಲ್ಲಿ ಗೊಂದಲವಿರಲಿಲ್ಲ. ಎಟಿಮೆಗಾ 32ಯು4 ಚಿಪ್‌ನಲ್ಲಿ ಯುಎಸ್‌ಬಿ ಒಳಗೇ ಇದೆ. ಚುಚ್ಚಿದೊಡನೆ ಕಂಪ್ಯೂಟರ್ ಅದನ್ನು ಮೌಸ್ ಎಂದೇ ನಂಬುತ್ತದೆ, ಬೇರೆ ಡ್ರೈವರ್ ತಂತ್ರಾಂಶ ಬೇಡ. ಜೈರೋ ಹವ್ಯಾಸಿಗಳಿಗೆಲ್ಲ ಗೊತ್ತಿರುವ ಎಂಪಿಯು-6050 ಚಿಪ್, ಹಳೆಯ ಹೆಡ್‌ಫೋನಿನ ಪಟ್ಟಿಗೆ ಅಂಟಿಸಿದ್ದು. ತಲೆ ಅಲುಗದಿದ್ದರೂ ಜೈರೋದ ಅಳತೆ ನಿಧಾನವಾಗಿ ಸರಿಯುತ್ತದೆ ಎಂದು ಹೆದರಿಸಿದವರು ಬಹಳ. ಶುರುವಿನಲ್ಲಿ ಎರಡು ಮೂರು ಸೆಕೆಂಡು ಅಲುಗಾಡದೆ ಕೂರಿಸಿ ಸರಾಸರಿ ತೆಗೆದು ಕಳೆದರೆ ಮುಕ್ಕಾಲು ಪಾಲು ತೊಂದರೆ ಅಲ್ಲಿಗೇ ಮುಗಿಯುತ್ತದೆ. ಉಳಿದದ್ದಕ್ಕೆ ಪರದೆಯ ಅಂಚೇ ಮದ್ದು: ಕರ್ಸರ್ ಅಂಚಿಗೆ ತಾಗಿದ ಮೇಲೂ ತಲೆ ತಿರುಗಿಸಿದರೆ ಮುಖ ಮತ್ತು ಪರದೆಯ ನಡುವಿನ ಹೊಂದಾಣಿಕೆ ಮತ್ತೆ ಸರಿಯಾಗುತ್ತದೆ. ತಲೆ ತಿರುಗುವ ವೇಗಕ್ಕೆ ಕರ್ಸರ್ ಎಷ್ಟು ಓಡಬೇಕೆಂಬ ವಕ್ರರೇಖೆಯನ್ನು ಮಾತ್ರ ಇಲ್ಲಿ ಕೊಡುವುದಿಲ್ಲ. ಅದನ್ನು ಹದಕ್ಕೆ ತರಲು ನಾನು ಪಟ್ಟ ಪಾಡು ನನಗೇ ಗೊತ್ತು.

ಈಗ ಕೊಳವೆಗೆ ಬರೋಣ. ಮೊದಲು ತರಿಸಿದ್ದು 0ರಿಂದ 10 ಕಿಲೋಪಾಸ್ಕಲ್ ಅಳೆಯುವ ಒತ್ತಡ ಸಂವೇದಕ. ಬೋರ್ಡ್ ಸಂವೇದಕದ ವೋಲ್ಟೇಜನ್ನು 0ರಿಂದ 1023ರವರೆಗಿನ ಎಣಿಕೆಯಾಗಿ ಓದುತ್ತದೆ; ಮೆಲ್ಲಗೆ ಊದಿದರೆ ಅದರಲ್ಲಿ ಇಪ್ಪತ್ತು ಮೂವತ್ತು ಎಣಿಕೆಯೂ ಏರುತ್ತಿರಲಿಲ್ಲ, ಹೀರಿದರಂತೂ ಏನೂ ಇಲ್ಲ. ಆ ಹಣ ಹೋಯಿತು. ಆಮೇಲೆ ತಂದದ್ದು ಎಂಪಿಎಕ್ಸ್‌ವಿ7002: ಎರಡೂ ದಿಕ್ಕಿನಲ್ಲಿ 2 ಕಿಲೋಪಾಸ್ಕಲ್, ಸುಮ್ಮನಿದ್ದಾಗ 2.5 ವೋಲ್ಟ್, ಪ್ರತಿ ಕಿಲೋಪಾಸ್ಕಲ್‌ಗೆ ಒಂದು ವೋಲ್ಟ್ ಏರಿಳಿತ. ಬೋರ್ಡಿನಲ್ಲಿ ಓದಿದರೆ ನಡುಮಟ್ಟ 512ರ ಆಸುಪಾಸು. ನಾವು ಉಸಿರು ಎನ್ನುತ್ತೇವೆಯೇ ಹೊರತು ಕೊಳವೆಯ ಇನ್ನೊಂದು ತುದಿ ಮುಚ್ಚಿರುವುದರಿಂದ ಗಾಳಿ ಹರಿಯುವುದೇ ಇಲ್ಲ, ಕೆಲಸವೆಲ್ಲ ಕೆನ್ನೆಯದು. ಅಣ್ಣ ಮೂಗಿನಲ್ಲಿ ಆರಾಮವಾಗಿ ಉಸಿರಾಡುತ್ತಲೇ ಕೆನ್ನೆ ಉಬ್ಬಿಸಿ ಕ್ಲಿಕ್ ಮಾಡುತ್ತಾನೆ. ಮೆಲ್ಲಗೆ ಊದಿದರೆ ಕ್ಲಿಕ್, ಜೋರಾಗಿ ಊದಿದರೆ ಡಬಲ್ ಕ್ಲಿಕ್ (ಎರಡು ಕ್ಲಿಕ್‌ಗಳನ್ನೂ ಬೋರ್ಡೇ ಕಳುಹಿಸುತ್ತದೆ, ಎರಡು ಸಲ ಊದುವ ಗೋಜಿಲ್ಲ), ಮೆಲ್ಲಗೆ ಹೀರಿದರೆ ಬಲ ಗುಂಡಿ, ಜೋರಾಗಿ ಹೀರಿದರೆ ಎಡ ಗುಂಡಿ ಒತ್ತಿದಂತೆಯೇ ನಿಲ್ಲುತ್ತದೆ, ಎಳೆದು ಬಿಡಲು ಅನುಕೂಲ. ಆಗುವ ಮಾತಲ್ಲ ಎಂದವನಿಗೆ ವಿಡಿಯೋ ಕಳುಹಿಸಿದ್ದೇನೆ.

ಇಷ್ಟಾದರೂ ಗುರಿ ತಪ್ಪುತ್ತಿತ್ತು. ಊದುವಾಗ ದವಡೆ ಬಿಗಿಯುತ್ತದೆ, ಗದ್ದ ಒಂದೆಳೆ ಏಳುತ್ತದೆ, ಕರ್ಸರ್ ಹತ್ತು ಹದಿನೈದು ಪಿಕ್ಸೆಲ್ ಮೇಲಕ್ಕೆ ಜಿಗಿದು ಲೆಕ್ಕದ ಹಾಳೆಯ ಪಕ್ಕದ ಕೋಶದಲ್ಲಿ ಕ್ಲಿಕ್ ಆಗುತ್ತದೆ. ಕ್ಲಿಕ್ ಬಂದ ಕ್ಷಣ ಹಿಂದಿನ ಚಲನೆಯನ್ನೆಲ್ಲ ಕೂಡಿ ಅಷ್ಟನ್ನೇ ತಿರುಗಿ ಕಳುಹಿಸೋಣ ಎಂದು ಹೊರಟೆ. ಕಾಗದದ ಮೇಲೆ ಚೆಂದ. ಆದರೆ ಕಂಪ್ಯೂಟರ್ ತಾನೂ ಕರ್ಸರಿಗೆ ವೇಗವರ್ಧನೆ ಸೇರಿಸುತ್ತದೆ. ನಿಧಾನವಾಗಿ ಹೋದದ್ದನ್ನು ಒಂದೇ ಏಟಿಗೆ ಹಿಂದಕ್ಕೆ ಕಳುಹಿಸಿದರೆ ಹೊರಟ ಜಾಗಕ್ಕೆ ಬರದೆ ಇನ್ನೆಲ್ಲೋ ಹೋಗಿ ಬೀಳುತ್ತದೆ. ಕೊನೆಗೆ ಕೈಹಿಡಿದದ್ದು ಎರಡು ಮಿತಿ. ಒತ್ತಡ ನಡುಮಟ್ಟದಿಂದ 25 ಎಣಿಕೆ ಸರಿದ ಕೂಡಲೇ ಜೈರೋದ ಬಾಯಿ ಮುಚ್ಚಿಸುತ್ತೇನೆ. 70 ದಾಟಿದರೆ ಮಾತ್ರ ಕ್ಲಿಕ್ ಎಂದು ಲೆಕ್ಕ. ಕೆನ್ನೆ ಸಡಿಲವಾದ ಮೇಲೂ ಸುಮಾರು 100 ಮಿಲಿಸೆಕೆಂಡು ಕರ್ಸರ್ ಬಿಡುವುದಿಲ್ಲ, ಏಕೆಂದರೆ ಗದ್ದ ಇಳಿಯಲು ಅಷ್ಟು ಹೊತ್ತು ಬೇಕು. ಅಲ್ಲಿಂದ ಮುಂದೆ ಸಣ್ಣ ಕೋಶಗಳಲ್ಲಿಯೂ ಗುರಿ ತಪ್ಪಿದ್ದು ಅಪರೂಪ.

ಆಮೇಲೆ ಕಾಡಿದ್ದು ಎಂಜಲು ಮತ್ತು ತೇವ. ಕೊಳವೆಯೊಳಗೆ ಹನಿಗಟ್ಟಿ ಸಂವೇದಕಕ್ಕೆ ಇಳಿದರೆ ಅದರ ಕಥೆ ಮುಗಿಯಿತು. ಹಾಗೆ ಎರಡು ಸತ್ತವು. ಇಡೀ ಸಾಧನದಲ್ಲಿ ದುಬಾರಿ ಭಾಗವೇ ಅದು, ಬೋರ್ಡ್, ಜೈರೋ ಎರಡನ್ನೂ ಕೂಡಿದರೂ ಅದರ ಬೆಲೆಗೆ ಸಮವಾಗುವುದಿಲ್ಲ. ಈಗ ಸಿರಿಂಜಿಗೆ ಹಾಕುವ, ನೀರನ್ನು ಒಳಬಿಡದ ಸೋಸುಬಿಲ್ಲೆಯನ್ನು ನಡುವೆ ಕೂರಿಸಿ, ಸಂವೇದಕವನ್ನು ಬಾಯಿಗಿಂತ ಮೇಲಿಟ್ಟಿದ್ದೇನೆ. ಸತ್ತವನ್ನು, ಬಳಸದೆ ಬಿದ್ದಿರುವುದನ್ನು ಎಲ್ಲ ಸೇರಿಸಿದರೂ ಸಿದ್ಧ ಸಾಧನಕ್ಕೆ ನನಗೆ ಹೇಳಿದ ಬೆಲೆಯ ಆರರಲ್ಲೊಂದು ಪಾಲು ಖರ್ಚಾಗಿರಬಹುದು.

ನಡುವೆ ಅಡ್ಡದಾರಿಗಳೂ ಆದವು. ನಾಲಿಗೆ ಲೊಚಗುಟ್ಟಿದರೆ ಕ್ಲಿಕ್ ಆಗುವಂತೆ ಮೈಕ್ ಇಟ್ಟು ನೋಡಿದೆ. ಗೋಡೆಯ ಹಲ್ಲಿ ಲೊಚಗುಟ್ಟಿದಾಗಲೂ ಕಡತ ತೆರೆಯಿತು. ಕೆನ್ನೆಯ ಸ್ನಾಯುವಿನ ವಿದ್ಯುತ್ ಸಂಕೇತ ಹಿಡಿಯುವ ಪಟ್ಟಿಗಳು ಕೆಲಸ ಮಾಡಿದವು, ಆದರೆ ಅವು ದಿನಕ್ಕೊಂದು ಜೊತೆ ಬೇಕು, ಮೇಲೆ ಚರ್ಮದ ತುರಿಕೆ. ನನಗೆಂದು ಮಾಡಿಕೊಂಡ ಒಂದು ಮಾತ್ರ ಉಳಿದಿದೆ: ಕಾರು ರೇಸಿನ ಆಟದ ಹಳೆಯ ಪೆಡಲ್. ಅದರೊಳಗಿನ, ತಿರುಗಿದಷ್ಟು ವೋಲ್ಟೇಜ್ ಬದಲಿಸುವ ಪೊಟೆನ್ಶಿಯೋಮೀಟರನ್ನು ಬೋರ್ಡಿಗೆ ಕೊಟ್ಟು ಮೌಸ್ ಚಕ್ರವಾಗಿಸಿದೆ. ಎಷ್ಟು ತುಳಿದರೆ ಅಷ್ಟು ಬೇಗ ಪುಟ ಸರಿಯುತ್ತದೆ. ಉದ್ದದ ಕೋಡ್ ಓದುವವರು ಒಮ್ಮೆ ಮಾಡಿ ನೋಡಿ.

ಪರದೆಯ ಕೀಲಿಮಣೆಯಲ್ಲಿ ಅಣ್ಣ ನಿಮಿಷಕ್ಕೆ ಎಂಟು ಹತ್ತು ಪದ ಬರೆಯುತ್ತಾನೆ. ಶೀತವಾಗಿ ಮೂಗು ಕಟ್ಟಿದ ದಿನ ಅದೂ ಕಷ್ಟ: ಬಾಯಿಂದ ಉಸಿರಾಡಬೇಕು, ಹಾಗಾಗಿ ಕೆನ್ನೆ ಉಬ್ಬಿಸಿ ಹಿಡಿಯಲು ಆಗುವುದಿಲ್ಲ. ಅದಕ್ಕೇ ಮೆಲ್ಲಗೆ ಹೀರಿ ನಾಲ್ಕೈದು ಸೆಕೆಂಡು ಹಿಡಿದರೆ ಮಿತಿಗಳನ್ನು ತಗ್ಗಿಸುವ ವ್ಯವಸ್ಥೆ ಇಟ್ಟು, ಆ ಅಂಕಿಗಳನ್ನು ವಿದ್ಯುತ್ ಹೋದರೂ ಅಳಿಯದಂತೆ ಬೋರ್ಡಿನ ಇಇಪ್ರಾಮ್ (EEPROM) ಸ್ಮೃತಿಯಲ್ಲಿ ಉಳಿಸಿದ್ದೇನೆ. ಬದಲಿಸಲು ಅಣ್ಣ ನನ್ನನ್ನು ಕರೆಯುವುದಿಲ್ಲ.